ಬೆಕ್ಕಿಗೆ ಮನೆ ಅಡುಗೆ, ಮನೆ ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಕರಿಯ ಮತ್ತು ಚುಕ್ಕಿ. ಅವಕ್ಕೆ ನಾನೇ ಬೇಯಿಸಿ ಹಾಕುತ್ತೇನೆ ಅಂತ ಗೊತ್ತಾದ ಮೇಲೆ ಅಕ್ಕಪಕ್ಕದವರು, ನೆಂಟರು, ಕ್ಲಿನಿಕ್ಕಿನ ಬೆಂಚಿನಲ್ಲಿ ಪಕ್ಕ ಕೂತವರು ಎಲ್ಲರೂ ಏನಾದರೊಂದು ಕೇಳುತ್ತಾರೆ. ಹೆಚ್ಚು ಸಲ ಕೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಾನು ಪಶುವೈದ್ಯೆ ಅಲ್ಲ. ಕಾಯಿಲೆ ಇರುವ ಬೆಕ್ಕಿನ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

## ಶುರು ಮಾಡುವವರಿಗೆ

ಅಜ್ಜಿ ಮನೇಲಿ ಬೆಕ್ಕುಗಳು ಹಾಲು-ಅನ್ನ ತಿಂದೇ ಬೆಳೆದ್ವಲ್ಲ, ಈಗೇನು ಹೊಸದು?

ಅಜ್ಜಿ ಮನೆಯ ಬೆಕ್ಕು ಹಾಲು-ಅನ್ನದಿಂದ ಬದುಕಿರಲಿಲ್ಲ. ಅಟ್ಟದ ಇಲಿ, ಹಿತ್ತಲಿನ ಓತಿಕ್ಯಾತ, ಗೋಡೆಯ ಹಲ್ಲಿ ಹಿಡಿದು ತಿಂದು ಬದುಕಿತ್ತು. ನಾವು ಹಾಕಿದ್ದು ಮೇಲಿನ ಎರಡು ತುತ್ತು ಅಷ್ಟೇ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ಬೆಕ್ಕಿಗೆ ಆ ಇಲಿ ಎಲ್ಲಿ ಸಿಗಬೇಕು? ನೀವು ತಟ್ಟೆಗೆ ಹಾಕಿದ್ದೇ ಅದಕ್ಕೆ ಎಲ್ಲ.

ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ನಾವು ಕ್ಯಾರೆಟ್ ತಿಂದರೆ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತೇವೆ, ಬೆಕ್ಕಿನ ಮೈಗೆ ಅದು ಬರುವುದಿಲ್ಲ. ಕಣ್ಣಿಗೂ ಗುಂಡಿಗೆಗೂ ಬೇಕಾದ ಟಾರಿನ್ ಅನ್ನೋ ಅಂಶವನ್ನೂ ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಬಿಸಿಲಲ್ಲಿ ಎಷ್ಟು ಮಲಗಿದರೂ ಬೇಕಾದಷ್ಟು ವಿಟಮಿನ್ ಡಿ ಹುಟ್ಟುವುದಿಲ್ಲ. ಇವೆಲ್ಲ ಬೇರೆ ಪ್ರಾಣಿಯ ಮೈಯಿಂದಲೇ ಬರಬೇಕು.

ಹಾಲು ಕೊಡಬಹುದಾ, ಬೇಡ್ವಾ?

ದೊಡ್ಡ ಬೆಕ್ಕಿಗೆ ಹಾಲು ಬೇಕಾಗಿಲ್ಲ. ಮರಿತನ ಕಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹಳಷ್ಟು ಬೆಕ್ಕುಗಳಲ್ಲಿ ಕುಗ್ಗುತ್ತದೆ, ಭೇದಿ ಆಗುತ್ತದೆ. ಒಂದು ಚಮಚ ಮೊಸರು ಕೆಲವಕ್ಕೆ ಒಗ್ಗುತ್ತದೆ. ತಾಯಿ ಇಲ್ಲದ ಪುಟ್ಟ ಮರಿ ಸಿಕ್ಕರೆ ಹಸುವಿನ ಹಾಲು ಹಾಕಬೇಡಿ. ಬೆಕ್ಕಿನ ಮರಿಗೆ ಅಂತಲೇ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ತನ್ನಿ.

ನಮ್ಮ ಕೋಳಿ ಸಾರಲ್ಲೇ ಒಂದು ತುಂಡು ತೊಳೆದು ಹಾಕಿದ್ರೆ ಆಗಲ್ವಾ?

ಆಗಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಸತ್ವ ತುಂಡಿನ ಒಳಗೆ ಇಳಿದಿರುತ್ತದೆ, ತೊಳೆದರೆ ಹೋಗುವುದು ಮೇಲಿನ ಮಸಾಲೆ ಮಾತ್ರ. ಆ ಸತ್ವ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ತಿಂದ ದಿನವೇ ಏನೂ ಕಾಣದೆ ಇರಬಹುದು. ಒಂದೆರಡು ದಿನ ಬಿಟ್ಟು ಬೆಕ್ಕು ಮಂಕಾಗುತ್ತದೆ, ಒಸಡು ಬೆಳ್ಳಗಾಗುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೇಯಿಸಿದ ಈರುಳ್ಳಿ, ಹುರಿದ ಈರುಳ್ಳಿ, ಈರುಳ್ಳಿ ಪುಡಿ ಎಲ್ಲವೂ ಒಂದೇ. ಅಂಗಡಿಯ ಸೂಪ್ ಕ್ಯೂಬ್‌ನಲ್ಲೂ ಅದು ಇರುತ್ತದೆ.

ನಮ್ಮ ಮನೆಯ ರೂಢಿ ಇದು. ಕೋಳಿ ತೊಳೆದ ಕೂಡಲೇ, ಉಪ್ಪು-ಅರಿಶಿನ ಹಚ್ಚುವ ಮುಂಚೆ, ಬೆಕ್ಕುಗಳ ಪಾಲನ್ನು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಎತ್ತಿಡುತ್ತೇವೆ. ಒಗ್ಗರಣೆ ಬೀಳುವ ಹೊತ್ತಿಗೆ ಅವರದ್ದು ಇನ್ನೊಂದು ಒಲೆಯ ಮೇಲೆ ಬೆಂದಿರುತ್ತದೆ.

ಬಿಲ್ಕುಲ್ ಕೊಡಬಾರದ್ದು ಏನೇನು?

ಈರುಳ್ಳಿ ಜಾತಿಯದೆಲ್ಲ, ಚಾಕೊಲೇಟ್, ಕಾಫಿ, ಟೀ, ಮದ್ಯ, ದ್ರಾಕ್ಷಿ, ಒಣದ್ರಾಕ್ಷಿ, ಹಸಿ ಬ್ರೆಡ್ ಹಿಟ್ಟು. ಹಾಗೇ ಬೇಯಿಸಿದ ಕೋಳಿ ಮೂಳೆ, ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಉಪ್ಪಿನಕಾಯಿ, ಸಂಡಿಗೆ, ಕರಿದದ್ದು ಬೇಡ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ನಾಯಿ ಫುಡ್ ವಿಷವಲ್ಲ, ಆದರೆ ಅದು ಬೆಕ್ಕಿನ ಲೆಕ್ಕಕ್ಕೆ ಮಾಡಿದ್ದಲ್ಲ. ದಿನಾ ಅದನ್ನೇ ಹಾಕಿದರೆ ಟಾರಿನ್ ಕೊರತೆ ಬರುತ್ತದೆ.

ಕೇಕ್ ತೆಗೆದ್ರೆ ಬಾಲ ಎತ್ಕೊಂಡು ಬರುತ್ತೆ. ಅದಕ್ಕೂ ಸಿಹಿ ಇಷ್ಟ ತಾನೇ?

ಅದು ಬರುವುದು ಬೆಣ್ಣೆ, ಕೆನೆಯ ವಾಸನೆಗೆ. ಸಿಹಿ ಅನ್ನುವ ರುಚಿಯೇ ಬೆಕ್ಕಿಗೆ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟು ನಿಂತಿದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹುಟ್ಟುಹಬ್ಬಕ್ಕೆ ಅಂತ ಬೆಕ್ಕಿಗೆ ಕೇಕ್ ಮಾಡುವವರು ಸಕ್ಕರೆ, ಬೆಲ್ಲ, ಜೇನು ಮುಟ್ಟಲೇಬೇಡಿ. ಬೇಯಿಸಿದ ಮೀನನ್ನು ಬಟ್ಟಲಲ್ಲಿ ಒತ್ತಿ ಕವುಚಿ ಹಾಕಿ, ಅದೇ ಅದಕ್ಕೆ ಕೇಕು.

## ತಿಂಡಿ

ದಿನಕ್ಕೆ ಎಷ್ಟು ತಿಂಡಿ ಕೊಡಬಹುದು?

ದಿನದ ಕ್ಯಾಲರಿಯಲ್ಲಿ ಹತ್ತನೇ ಒಂದು ಪಾಲು ಮೀರದಿದ್ದರೆ ಊಟದ ಸಮತೋಲ ಕೆಡುವುದಿಲ್ಲ. ಮನೆಯೊಳಗೇ ಇರುವ 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಬೇಕು. ಅಂದರೆ ತಿಂಡಿಗೆ ಸಿಗುವುದು 20–25 ಕ್ಯಾಲರಿ. ಬೇಯಿಸಿದ ಚಿಕನ್ ಲೆಕ್ಕದಲ್ಲಿ 12–15 ಗ್ರಾಂ. ಅಂಗೈಯಲ್ಲಿಟ್ಟರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಬೆಕ್ಕಿನ ಮೈ ನಮ್ಮ ಮೈಯ ಹದಿನೈದರಲ್ಲಿ ಒಂದು ಭಾಗ. ಅದನ್ನೇ ಕಡಲೆಕಾಳಿನಷ್ಟು ಚೂರು ಮಾಡಿ ನಾಲ್ಕು ಹೊತ್ತಿಗೆ ಹಂಚಿ. ಬೆಕ್ಕು ಎಣಿಸುವುದು ಸಲವನ್ನು, ತೂಕವನ್ನಲ್ಲ.

ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಗುಟ್ಟಾಗಿ ಕೊಡುತ್ತಿರುತ್ತಾರೆ. ಬೆಳಿಗ್ಗೆ ದಿನದ ಪಾಲನ್ನು ಒಂದು ಬಟ್ಟಲಲ್ಲಿಡಿ. ಅದು ಮುಗಿದರೆ ಮುಗಿಯಿತು.

ಎಲ್ಲಕ್ಕಿಂತ ಸುಲಭದ ತಿಂಡಿ ಯಾವುದು?

ಮೂಳೆ ಇಲ್ಲದ ಚಿಕನ್, ಅರ್ಧ ಲೋಟ ನೀರು, ಹದಿನೈದು ನಿಮಿಷ. ಉಪ್ಪಿಲ್ಲ, ಎಣ್ಣೆಯಿಲ್ಲ. ಎದೆ ಭಾಗಕ್ಕಿಂತ ತೊಡೆಯ ಕಪ್ಪು ಮಾಂಸ ಒಳ್ಳೆಯದು, ಟಾರಿನ್ ಅದರಲ್ಲಿ ಜಾಸ್ತಿ. ಅಂಗಡಿಯಲ್ಲಿ ಲಿವರ್ ಜೊತೆ ಸಿಗುವ ಕೋಳಿಯ ಗುಂಡಿಗೆ ಇನ್ನೂ ಒಳ್ಳೆಯದು, ಅಗ್ಗವೂ ಹೌದು.

ಪ್ಯಾಕೆಟ್ ಟ್ರೀಟ್ ಥರ ಕುರುಕುರು ಮಾಡೋದು ಹೇಗೆ?

ಚಿಕನ್ ಎದೆಯನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ತೆಳ್ಳಗೆ ಹೆಚ್ಚಿ. ಮೊದಲು ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ಕ್ರಿಮಿ ಸಾಯುವುದು ಆಗಲೇ. ಆಮೇಲೆ ಓವನ್ನಿನಲ್ಲಿ 90 ಡಿಗ್ರಿಯಲ್ಲಿ ಎರಡು-ಮೂರು ಗಂಟೆ. ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯಬೇಕು, ರಬ್ಬರಿನ ಹಾಗೆ ಬಗ್ಗಿದರೆ ಒಳಗೆ ನೀರಿದೆ ಅಂತ ಅರ್ಥ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಾ ಒಣಗಿಸಬಹುದು, ತಾಳ್ಮೆ ಬೇಕು. ಬಿಸಿಲಿನಲ್ಲಿ ಒಣಗಿಸಬೇಡಿ, ನೊಣ ಮುತ್ತುತ್ತದೆ, ಮಾಂಸ ಒಣಗುವ ಮುಂಚೆ ಹಳಸುತ್ತದೆ. ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ನಾವು ಮಂಗಳೂರು ಕಡೆಯವರು. ದಿನಾ ಮೀನು ಹಾಕಬಹುದಲ್ವಾ?

ದಿನಾ ಬೇಡ, ವಾರಕ್ಕೆ ಒಂದೆರಡು ಸಲ ಸಾಕು. ಬರೀ ಎಣ್ಣೆ ಮೀನೇ ತಿನ್ನುವ ಬೆಕ್ಕಿಗೆ ವಿಟಮಿನ್ ಇ ಸಾಲದೆ ಬಂದು ಚರ್ಮದ ಕೆಳಗಿನ ಕೊಬ್ಬು ಗಟ್ಟಿಯಾಗಿ ನೋಯುತ್ತದೆ, ಮುಟ್ಟಿದರೆ ಕಿರುಚುತ್ತದೆ. ಹಸಿ ಮೀನಂತೂ ಬೇಡವೇ ಬೇಡ. ಹಲವು ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಅಂಶವಿದೆ, ಬೇಯಿಸಿದರೆ ಅದು ಹೋಗುತ್ತದೆ. ಬಿ1 ತೀರಾ ಕಮ್ಮಿಯಾದ ಬೆಕ್ಕಿನ ತಲೆ ಕೆಳಗೆ ಜೋತುಬೀಳುತ್ತದೆ, ಫಿಟ್ಸ್ ಬರುತ್ತದೆ.

ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಒಳ್ಳೆಯ ಆಯ್ಕೆ. ಅಂಜಲ್, ಕೇದರ ಥರದ ದೊಡ್ಡ ಮೀನಿನಲ್ಲಿ ಪಾದರಸ ಸೇರಿರುವ ಸಂಭವ ಜಾಸ್ತಿ. ಬೂತಾಯಿಯ ಹೊಟ್ಟೆ ತೆಗೆದು, ಸ್ವಲ್ಪ ನೀರು ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಆಮೇಲೆ ನಡುಮುಳ್ಳನ್ನು ಎರಡು ಬೆರಳಿನ ಮಧ್ಯೆ ಹಿಸುಕಿ. ಒದ್ದೆ ಸೀಮೆಸುಣ್ಣದ ಹಾಗೆ ಪುಡಿಯಾದರೆ ಮುಳ್ಳಿನ ಸಮೇತ ಹಾಕಬಹುದು, ಸುಣ್ಣದಂಶವೂ ಸಿಕ್ಕಿತು. ಒಂದೇ ಒಂದು ಮುಳ್ಳು ಚುಚ್ಚಿದರೂ ಇನ್ನಷ್ಟು ಬೇಯಿಸಿ.

ಒಣಮೀನು ಬೇಡ. ಉಪ್ಪು ಹಾಕಿ ಒಣಗಿಸಿದ್ದನ್ನು ಎಷ್ಟು ನೆನೆಸಿದರೂ ಉಪ್ಪು ಪೂರ್ತಿ ಬಿಡುವುದಿಲ್ಲ.

ಮೊಟ್ಟೆ?

ಬೇಯಿಸಿದ್ದು ಧಾರಾಳವಾಗಿ ಕೊಡಬಹುದು, ಒಂದು ಸಲಕ್ಕೆ ಕಾಲು ಮೊಟ್ಟೆ. ಹಸಿ ಬಿಳಿಭಾಗ ಬಯೋಟಿನ್ ಅನ್ನೋ ವಿಟಮಿನ್ ಮೈಗೆ ಸೇರದಂತೆ ಹಿಡಿದಿಡುತ್ತದೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಭಯ ಬೇರೆ.

ನೀರೇ ಕುಡಿಯಲ್ಲ, ಏನಾದ್ರೂ ಮಾಡಿ ಕುಡಿಸಬಹುದಾ?

ಬೆಕ್ಕಿನ ಪೂರ್ವಜರು ಮರುಭೂಮಿಯ ಅಂಚಿನವರು. ಬೇಟೆಯ ಮೈಯಲ್ಲಿದ್ದ ನೀರೇ ಅವಕ್ಕೆ ಮುಖ್ಯ. ಹಾಗಾಗಿ ಡ್ರೈ ಫುಡ್ ತಿನ್ನುವ ಬೆಕ್ಕು ಬಾಯಾರಿದರೂ ಸಾಕಷ್ಟು ಕುಡಿಯುವುದಿಲ್ಲ. ಚಿಕನ್ ಬೇಯಿಸಿದ ನೀರನ್ನು ಚೆಲ್ಲಬೇಡಿ. ಫ್ರಿಜ್ಜಿನಲ್ಲಿಟ್ಟು ಮೇಲೆ ಕಟ್ಟಿದ ಕೊಬ್ಬು ತೆಗೆದು, ಎರಡು ಪಾಲು ನೀರು ಬೆರೆಸಿ, ಐಸ್ ಟ್ರೇಯಲ್ಲಿ ಹಾಕಿಡಿ. ಏಪ್ರಿಲ್-ಮೇ ಸೆಕೆಯಲ್ಲಿ ನೀರಿನ ಬಟ್ಟಲಿಗೆ ಒಂದು ತುಂಡು ತೇಲಿಬಿಟ್ಟರೆ ಚುಕ್ಕಿ ಅದನ್ನು ಮೂತಿಯಿಂದ ದೂಡುತ್ತಾ ದೂಡುತ್ತಾ ಅರ್ಧ ಬಟ್ಟಲು ಖಾಲಿ ಮಾಡುತ್ತಾಳೆ.

ಗಂಡು ಬೆಕ್ಕು ಮರಳಿನ ಟ್ರೇಯಲ್ಲಿ ಪದೇ ಪದೇ ಕೂತು, ಮುಕ್ಕಿ, ಒಂದು ಹನಿಯೂ ಬರದಿದ್ದರೆ ಸೂಪು ಮಾಡುತ್ತಾ ಕೂರಬೇಡಿ. ಮೂತ್ರದ ದಾರಿ ಕಟ್ಟಿದೆ ಅಂತ ಅರ್ಥ. ರಾತ್ರಿಯಾಗಿದ್ದರೂ ಆಗಲೇ ಹೊರಡಿ.

ನಮ್ಮನೇಲಿ ಮಾಂಸ ತರೋ ಹಾಗಿಲ್ಲ. ಬರೀ ಮೊಸರನ್ನ, ಪನೀರ್‌ನಲ್ಲಿ ಸಾಕಬಹುದಾ?

ಈ ಪ್ರಶ್ನೆ ಕೇಳುವವರು ಬೆಕ್ಕಿನ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ, ಸಂಕೋಚದಿಂದ ಕೇಳುತ್ತಾರೆ. ಆದರೂ ನೇರವಾಗಿ ಹೇಳಬೇಕು: ಆಗುವುದಿಲ್ಲ. ಮೊಸರನ್ನದಲ್ಲಿ ಬೆಕ್ಕು ಹೊಟ್ಟೆ ತುಂಬಿಸಿಕೊಳ್ಳಬಹುದು. ಕಣ್ಣು, ಗುಂಡಿಗೆ ಉಳಿಯುವುದಿಲ್ಲ.

ದಾರಿ ಇದೆ. ಅಡುಗೆಮನೆಗೆ ಮಾಂಸ ತರದೆಯೂ ಬೆಕ್ಕು ಸಾಕಬಹುದು. 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಬರೆದಿರುವ ಕ್ಯಾಟ್ ಫುಡ್ ತಂದು, ಬಾಲ್ಕನಿಯಲ್ಲೋ ಹಿಂದಿನ ವರಾಂಡದಲ್ಲೋ ಅದರ ಡಬ್ಬಿ, ತಟ್ಟೆ, ಚಮಚ ಬೇರೆ ಇಡಿ. ಬೇಯಿಸುವ ಗೋಜೇ ಇಲ್ಲ. 'ಕಾಂಪ್ಲಿಮೆಂಟರಿ' ಅಂತ ಬರೆದಿರುವ ಪೌಚ್ ತಿಂಡಿ ಮಾತ್ರ, ಊಟವಲ್ಲ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಜನ ಮೋಸ ಹೋಗುತ್ತಾರೆ. ಮೊಟ್ಟೆ ನಡೆಯುವ ಮನೆಯಾದರೆ ತಿಂಡಿಗೆ ಅದಾಯಿತು. ಪನೀರ್ ಚೂರು ಯಾವಾಗಲಾದರೂ ಕೊಡಿ, ತೊಂದರೆಯಿಲ್ಲ. ಇದೂ ಮನೆಯಲ್ಲಿ ಒಪ್ಪಿಗೆಯಾಗದಿದ್ದರೆ ಮೊಲ ಸಾಕಿ, ಬೆಕ್ಕು ಬೇಡ.

ಬೆಕ್ಕು ಹುಲ್ಲು ತಿನ್ನುತ್ತಲ್ಲ, ತರಕಾರಿ ಹಾಕಲಾ?

ಬೇಕಾಗಿಲ್ಲ. ಮಲ ಗಟ್ಟಿಯಾದರೆ ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಟೀ ಚಮಚ ಬೆರೆಸಬಹುದು. ಹುಲ್ಲಿಗೆ ಕುಂಡದಲ್ಲಿ ಒಂದು ಹಿಡಿ ಗೋಧಿ ಚೆಲ್ಲಿ, ವಾರದಲ್ಲಿ ಚಿಗುರುತ್ತದೆ. ಹಿತ್ತಲಲ್ಲಿ ಕುಪ್ಪಿಗಿಡ ಇದ್ದವರಿಗೆ ಗೊತ್ತಿರುತ್ತದೆ, ಅದನ್ನು ಬೇರು ಸಮೇತ ಕಿತ್ತರೆ ಬೆಕ್ಕು ಆ ಬೇರಿಗೆ ಮುಖ ಉಜ್ಜಿ ಹೊರಳಾಡುತ್ತದೆ. ಅದು ವಾಸನೆಯ ಖುಷಿ, ಅಡುಗೆಗೆ ಹಾಕುವ ವಸ್ತುವಲ್ಲ.

## ಪೂರ್ತಿ ಊಟವೇ ಮನೆಯದಾದರೆ

ಬರೀ ಚಿಕನ್ ಬೇಯಿಸಿ ಹಾಕ್ತಿದೀನಿ. ಮಾಂಸವೇ ತಾನೇ ಬೇಕಿರೋದು?

ನಾನೂ ಹೀಗೇ ಅಂದುಕೊಂಡಿದ್ದೆ. ಕರಿಯ ಮರಿಯಾಗಿದ್ದಾಗ ಎರಡು ತಿಂಗಳು ಬೋನ್‌ಲೆಸ್ ಚಿಕನ್ ಬಿಟ್ಟು ಬೇರೇನೂ ಹಾಕಲಿಲ್ಲ. ಒಂದು ಸಂಜೆ ಅವನು ದಿವಾನದ ಅಂಚಿಗೆ ಬಂದು, ಮುಂಗಾಲು ಕೆಳಗೆ ಚಾಚಿ, ಹಿಂದಕ್ಕೆ ಎಳೆದುಕೊಂಡ. ಮತ್ತೆ ಚಾಚಿದ, ಮತ್ತೆ ಎಳೆದುಕೊಂಡ. ಹಿಂದಿನ ವಾರ ಕಪಾಟಿನ ತಲೆಯಿಂದ ಧುಮುಕುತ್ತಿದ್ದ ಮರಿ ಒಂದೂವರೆ ಅಡಿಗೆ ಹೆದರುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಕಾಣಬೇಕು. ಅವನದು ಸುತ್ತಲಿನ ಮಾಂಸದಷ್ಟೇ ಮಸುಕಾಗಿತ್ತು. ಹಿಂಗಾಲಿನಲ್ಲಿ ಸಣ್ಣ ಬಿರುಕು ಬೇರೆ. ಆರು ವಾರ ಬೋನಿನಲ್ಲಿಟ್ಟು ಸರಿಯಾದ ಆಹಾರ ಹಾಕಿದ ಮೇಲೆ ಸುಧಾರಿಸಿಕೊಂಡ.

ಕಾರಣ ಸರಳ. ಮಾಂಸದಲ್ಲಿ ರಂಜಕ ಬೇಕಾದಷ್ಟಿದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. 100 ಗ್ರಾಂ ಕೋಳಿಯಲ್ಲಿ ರಂಜಕ 200 ಮಿಲಿಗ್ರಾಂ ಹತ್ತಿರ, ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ಇವೆರಡೂ ಹೆಚ್ಚುಕಡಿಮೆ ಸಮವಾಗಿರಬೇಕು. ಇಲ್ಲದಿದ್ದರೆ ಮೈ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಕೊಡುತ್ತದೆ. ಇಲಿ ತಿನ್ನುವ ಬೆಕ್ಕಿಗೆ ಈ ತೊಂದರೆಯಿಲ್ಲ, ಅದು ಮೂಳೆಯನ್ನೂ ತಿಂದಿರುತ್ತದೆ.

ಮೊಟ್ಟೆ ಚಿಪ್ಪಿನ ಪುಡಿ ಹಾಕಿ ಅಂತಾರೆ. ಹೇಗೆ, ಎಷ್ಟು?

ಚಿಪ್ಪು ತೊಳೆದು ಒಳಗಿನ ಪೊರೆ ಆದಷ್ಟು ತೆಗೆಯಿರಿ. ಹತ್ತು ನಿಮಿಷ ಕುದಿಸಿ, ಆರಿಸಿ, ತವೆಯ ಮೇಲೆ ಬಿಸಿ ಮಾಡಿ ಗರಿಗರಿಯಾಗಿಸಿ. ಮಿಕ್ಸಿಯಲ್ಲಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನ ಹಾಗಿರಬೇಕು, ಮರಳು ಸಿಕ್ಕಿದರೆ ಮತ್ತೆ ಮಿಕ್ಸಿಗೆ.

ಮೂಳೆಯಿಲ್ಲದ 1 ಕಿಲೋ ಮಾಂಸಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ಒಳ್ಳೆಯದು ಅಂತ ಜಾಸ್ತಿ ಸುರಿಯಬೇಡಿ, ಅತಿಯಾದ ಕ್ಯಾಲ್ಸಿಯಂ ಕೂಡ ಕೆಟ್ಟದ್ದು.

ಟಾರಿನ್ ಟಾರಿನ್ ಅಂತೀರಲ್ಲ, ಬೇಯಿಸಿದ್ರೆ ಹೋಗ್ಬಿಡುತ್ತಾ?

ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿದರೆ ಅದರ ಜೊತೆ ಹೋಗುತ್ತದೆ, ಮಾಂಸಕ್ಕೇ ಬೆರೆಸಿ ಹಾಕಿದರೆ ಬಹುಪಾಲು ಉಳಿಯುತ್ತದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆ ಅಂತ 1975ರಲ್ಲೇ ತಿಳಿದಿತ್ತು. ಗುಂಡಿಗೆ ಊದಿ ಸೋಲುವುದಕ್ಕೂ ಅದೇ ಕಾರಣ ಅಂತ 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿದರು. ಆ ಬೆಕ್ಕುಗಳು ತಿಂದಿದ್ದು ಕಂಪನಿಯ ಫುಡ್ಡನ್ನೇ. ಟಾರಿನ್ ಕೊಟ್ಟ ಮೇಲೆ ಹಲವು ಬೆಕ್ಕುಗಳ ಗುಂಡಿಗೆ ಚೇತರಿಸಿಕೊಂಡಿತು, ಕಂಪನಿಗಳು ಪ್ರಮಾಣ ಹೆಚ್ಚಿಸಿದವು. ಮನೆ ಊಟದಲ್ಲಿ ಅದೃಷ್ಟ ನಂಬಬೇಡಿ, ಟಾರಿನ್ ಪುಡಿ ಬೇರೆಯಾಗಿ ಸೇರಿಸಿ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಹಾಗಾದ್ರೆ ಒಂದು ಪೂರ್ತಿ ರೆಸಿಪಿ ಕೊಟ್ಬಿಡಿ.

ಬೇಕಂತಲೇ ಕೊಡುವುದಿಲ್ಲ. ಕೋಳಿ ತೊಡೆ, ಸ್ವಲ್ಪ ಲಿವರ್, ಚಿಪ್ಪಿನ ಪುಡಿ, ಟಾರಿನ್ ಇಷ್ಟು ಸೇರಿಸಿದರೂ ವಿಟಮಿನ್ ಡಿ, ಇ, ಅಯೋಡಿನ್, ಸತು, ಮ್ಯಾಂಗನೀಸ್ ಸಾಲುವುದಿಲ್ಲ. 2019ರಲ್ಲಿ ಡೇವಿಸ್‌ನವರೇ ಪುಸ್ತಕ, ಇಂಟರ್ನೆಟ್ಟಿನಲ್ಲಿ ಸಿಕ್ಕ 114 ಮನೆ ರೆಸಿಪಿಗಳನ್ನು ಪರೀಕ್ಷಿಸಿದರು. ಲೆಕ್ಕ ಹಾಕುವಷ್ಟು ವಿವರ ಇದ್ದವುಗಳಲ್ಲಿ ಒಂದೂ ಪೂರ್ತಿ ಸರಿಯಿರಲಿಲ್ಲ. ಕೆಲವನ್ನು ಪಶುವೈದ್ಯರೇ ಬರೆದಿದ್ದರು.

ಎರಡು ದಾರಿಗಳಿವೆ. ಒಂದು, ಮನೆ ಮಾಂಸಕ್ಕೆ ಬೆರೆಸಲೆಂದೇ ಮಾಡಿದ ಬೆಕ್ಕಿನ ವಿಟಮಿನ್-ಖನಿಜದ ಮಿಶ್ರಣ ತಂದು, ಅದರ ಮೇಲೆ ಬರೆದ ಅಳತೆಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕುವುದು. ಇದರಲ್ಲಿ ಕ್ಯಾಲ್ಸಿಯಂ, ಟಾರಿನ್ ಆಗಲೇ ಇದ್ದರೆ ಮತ್ತೆ ಸೇರಿಸಬೇಡಿ. ಇನ್ನೊಂದು, ಪಶು ಆಹಾರ ತಜ್ಞರಿಂದ ನಿಮ್ಮ ಬೆಕ್ಕಿಗೇ ಬರೆಸಿಕೊಳ್ಳುವುದು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಹತ್ತರಲ್ಲಿ ಒಂಬತ್ತು ಪಾಲು ಕಂಪ್ಲೀಟ್ ಫುಡ್ ಇರಲಿ, ಮೇಲೆ ಮನೆಯದು.

ಲಿವರ್ ಅಂದ್ರೆ ಪ್ರಾಣ ಬಿಡುತ್ತೆ. ಜಾಸ್ತಿ ಹಾಕಲಾ?

ಒಟ್ಟು ಊಟದಲ್ಲಿ ನೂರಕ್ಕೆ ಐದು ಗ್ರಾಂ ಮೀರದಿರಲಿ. ಲಿವರ್‌ನಲ್ಲಿರುವ ವಿಟಮಿನ್ ಎ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ದಿನಾ ಲಿವರ್ ತಿಂದ ಬೆಕ್ಕಿನ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದು ತನ್ನ ಬೆನ್ನು ನೆಕ್ಕಿಕೊಳ್ಳಲೂ ಕತ್ತು ತಿರುಗಿಸಲಾರದು.

ಹುಲಿ ಹಸಿ ಮಾಂಸ ತಿನ್ನುತ್ತೆ, ಬೆಕ್ಕಿಗೆ ಯಾಕೆ ಬೇಯಿಸಬೇಕು?

ಹುಲಿ ತಿನ್ನುವುದು ತಾನೇ ಹಿಡಿದ ಬೇಟೆಯನ್ನು. ನಾವು ತರುವುದು ಹತ್ತಾರು ಕೋಳಿ ಕತ್ತರಿಸಿದ ಮರದ ಕೊರಡಿನಿಂದ, ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿಗೆ ನೇತುಹಾಕಿಕೊಂಡು. ಸಾಲ್ಮೊನೆಲ್ಲಾ ಮತ್ತು ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ, ಎರಡಕ್ಕೂ ಹಸಿ ಮಾಂಸ ದಾರಿ. ಮನೆಯಲ್ಲಿ ಬಸುರಿ, ಎಳೆಮಗು ಇದ್ದರೆ ಅವರಿಗೂ ಅಪಾಯ. 2024ರ ಕೊನೆಯಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಹಸಿ ಮಾಂಸದ ಪ್ಯಾಕೆಟ್ ಫುಡ್ ತಿಂದ ಮನೆ ಬೆಕ್ಕೊಂದು ಎಚ್‌5ಎನ್‌1 ಹಕ್ಕಿಜ್ವರದಿಂದ ಸತ್ತಿತು. ನಾನು ಬೇಯಿಸಿಯೇ ಹಾಕುತ್ತೇನೆ.

ಎರಡು ದಿನದಿಂದ ಮೂಸಿ ನೋಡಿ ಹೋಗ್ತಿದೆ. ಹಸಿದ್ರೆ ತಾನೇ ತಿನ್ನುತ್ತೆ ಅಂತ ಬಿಡಲಾ?

ಬಿಡಬೇಡಿ. ನಾಯಿಗೆ ನಡೆಯುವ ಹಟ ಬೆಕ್ಕಿಗೆ ನಡೆಯುವುದಿಲ್ಲ. ಕೆಲವು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಹಳೇ ಫುಡ್ ಹಾಕಿ.

ಬದಲಾವಣೆ ನಿಧಾನವಾಗಿರಲಿ. ಮೊದಲ ಮೂರು ದಿನ ಹಳೆಯದರ ಪಕ್ಕದಲ್ಲಿ ಒಂದು ಚಮಚ ಹೊಸದು, ಆಮೇಲೆ ಕಾಲು, ಆಮೇಲೆ ಅರ್ಧ. ಹತ್ತು ದಿನ ಹಿಡಿದರೂ ಸರಿ. ಫ್ರಿಜ್ಜಿನಿಂದ ತೆಗೆದದ್ದನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಮೈಬಿಸಿಯಷ್ಟು ಬೆಚ್ಚಗೆ ಮಾಡಿ. ಬೆಕ್ಕು ಮೂಗಿನಿಂದ ಊಟ ಆರಿಸುತ್ತದೆ, ತಣ್ಣಗಿನ ಮಾಂಸಕ್ಕೆ ವಾಸನೆಯೇ ಇರುವುದಿಲ್ಲ.

ವಾರದ್ದು ಒಟ್ಟಿಗೆ ಮಾಡಿಡಬಹುದಾ?

ಮಾಡಿಡಿ. ಎರಡು ದಿನದ್ದು ಫ್ರಿಜ್ಜಿಗೆ, ಉಳಿದದ್ದು ಒಂದೊಂದು ಹೊತ್ತಿನ ಲೆಕ್ಕದಲ್ಲಿ ಫ್ರೀಜರಿಗೆ. ಕರೆಂಟು ನಾಲ್ಕೈದು ಗಂಟೆ ಹೋಗಿ ಕರಗಿದ್ದನ್ನು ಮತ್ತೆ ಗಟ್ಟಿಯಾಗಿಸಬೇಡಿ. ತಟ್ಟೆಯಲ್ಲಿ ಉಳಿದದ್ದನ್ನು ಒಂದು ಗಂಟೆಯೊಳಗೆ ಎತ್ತಿ, ಬೇಸಿಗೆಯಲ್ಲಿ ಅರ್ಧ ಗಂಟೆ.

ಕಿಡ್ನಿ ತೊಂದರೆ ಇದೆ ಅಂದಿದಾರೆ. ಮನೆ ಊಟ ಒಳ್ಳೇದಲ್ವಾ?

ಇಲ್ಲಿ ಮೇಲಿನ ಯಾವ ಅಳತೆಯೂ ನಡೆಯುವುದಿಲ್ಲ. ಆ ಬೆಕ್ಕಿಗೆ ರಂಜಕ ಕಮ್ಮಿ ಇರಬೇಕು, ಮಾಂಸದಲ್ಲಿ ಅದೇ ಜಾಸ್ತಿ. ಕಿಡ್ನಿಗೆಂದೇ ಮಾಡಿದ ಫುಡ್ ಬರೆದುಕೊಟ್ಟಿದ್ದರೆ ಅದನ್ನೇ ಹಾಕಿ. ತಿನ್ನಲು ಒಲ್ಲೆ ಅಂದರೆ ಮೇಲೆ ಉಪ್ಪಿಲ್ಲದ ಚಿಕನ್ ನೀರು ಎಷ್ಟು ಹಾಕಬಹುದು ಅಂತ ಡಾಕ್ಟರನ್ನೇ ಕೇಳಿ.

ಮೂರು ತಿಂಗಳಿಂದ ಮನೆ ಊಟವೇ. ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಹೊರಗಿನಿಂದ ಕಾಣುವುದು ಸ್ವಲ್ಪವೇ. ಟಾರಿನ್ ಕೊರತೆ ತಿಂಗಳುಗಟ್ಟಲೆ ಸುಮ್ನೆ ಒಳಗೇ ಬೆಳೆಯುತ್ತದೆ, ಕೂದಲು ಆಗಲೂ ಹೊಳೆಯುತ್ತಿರುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಗುಂಡಿಗೆಯ ಸದ್ದು ಕೇಳಿಸಿ, ಕಣ್ಣು ತೋರಿಸಿ. ಏನೇನು ಎಷ್ಟೆಷ್ಟು ಹಾಕುತ್ತೀರಿ ಅಂತ ಬರೆದುಕೊಂಡು ಹೋಗಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ತೂಕ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಹದಿನೈದು ದಿನಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದರ ಮೈಯ ಹತ್ತರಲ್ಲೊಂದು ಪಾಲು ಹೋದ ಹಾಗೆ. ಎತ್ತಿಕೊಂಡ ಕೈಗೆ ಅದು ಗೊತ್ತಾಗುವುದಿಲ್ಲ, ಬರೆದಿಟ್ಟ ಅಂಕಿಗೆ ಗೊತ್ತಾಗುತ್ತದೆ.